ನಿಧಾನವಾದ ಲ್ಯಾಪ್‌ಟಾಪ್: ತಪಾಸಣೆಯಿಂದ ಅಪ್‌ಗ್ರೇಡ್‌ವರೆಗೆ, ಯಾವುದರ ನಂತರ ಯಾವುದು

ಲ್ಯಾಪ್‌ಟಾಪ್ ಕುಂಟತೊಡಗಿದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಒಂದೋ ಫಾರ್ಮ್ಯಾಟ್ ಹೊಡೆಸುತ್ತಾರೆ, ಇಲ್ಲವೇ ರ‍್ಯಾಮ್ ಹಾಕಿಸುತ್ತಾರೆ. ಫಾರ್ಮ್ಯಾಟ್ ಆಗಿ ತಿಂಗಳು ಕಳೆಯುವಷ್ಟರಲ್ಲಿ ಮತ್ತದೇ ಹಾಡು. ರ‍್ಯಾಮ್ 4 ಜಿಬಿಯಿಂದ 8 ಆದರೂ ಡೆಸ್ಕ್‌ಟಾಪ್ ಬರುವವರೆಗೆ ಕಾಫಿ ಕುಡಿದು ಬರಬಹುದು. ದುಡ್ಡು ಹೋಯಿತು, ಕೆಲಸ ಆಗಲಿಲ್ಲ. ಯಾವ ಭಾಗ ತಡೆಯುತ್ತಿದೆ ಎಂದು ನೋಡದೆ ಬಿಡಿಭಾಗ ಕೊಂಡರೆ ಹೀಗೇ ಆಗುವುದು.

ಇಲ್ಲಿರುವುದು ವಿಂಡೋಸ್ 10 ಅಥವಾ 11 ಇರುವ ಸಾಮಾನ್ಯ ಲ್ಯಾಪ್‌ಟಾಪ್‌ಗಳ ಮಾತು. ಈಗಿನ ಮ್ಯಾಕ್‌ಬುಕ್‌ಗಳಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸುವ ದಾರಿಯೇ ಇಲ್ಲ. ಹಾಗಾಗಿ ಆ ಮಾಲೀಕರಿಗೆ ಡೇಟಾ, ಬ್ಯಾಟರಿ, ಆಯ್ಕೆಯ ಭಾಗಗಳಷ್ಟೇ ಉಪಯೋಗಕ್ಕೆ ಬರುತ್ತವೆ.

## ಬೇಕಾಗುವ ಸಾಮಾನು

0 ಮತ್ತು 00 ಅಳತೆಯ ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಬಹುಪಾಲು ಲ್ಯಾಪ್‌ಟಾಪ್ ಬಿಚ್ಚಬಹುದು. ಕೆಲವದಕ್ಕೆ ಆರು ಮೂಲೆಯ ಟಿ5 ಟಾರ್ಕ್ಸ್ ಬಿಟ್ ಬೇಕು. ಮುಚ್ಚಳ ಬಿಡಿಸಲು ಗಿಟಾರ್ ಪಿಕ್, ಇಲ್ಲವೇ ಅವಧಿ ಮುಗಿದ ಪ್ಲಾಸ್ಟಿಕ್ ಕಾರ್ಡ್ ಸಾಕು. ಚಾಕು ಅಥವಾ ಕಬ್ಬಿಣದ ಸ್ಕ್ರೂಡ್ರೈವರ್ ತುರುಕಬೇಡಿ, ಅಂಚು ಮುರಿಯುತ್ತದೆ.

ಇದಲ್ಲದೆ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್, ಬ್ಯಾಕಪ್‌ಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್, ಮೆತ್ತನೆಯ ಬ್ರಷ್ ಇಟ್ಟುಕೊಳ್ಳಿ. ಹಳೆ ಡಿಸ್ಕನ್ನು ಹಾಗೆಯೇ ನಕಲು ಮಾಡುವುದಾದರೆ ಹೊಸ ಡ್ರೈವನ್ನು ಯುಎಸ್‌ಬಿಗೆ ಜೋಡಿಸಲು, ಸಾಟಾ ಬಗೆಯದಾದರೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್, ಎನ್‌ವಿಎಂಇ ಬಗೆಯದಾದರೆ ಎನ್‌ಕ್ಲೋಷರ್ ಎಂಬ ಪುಟ್ಟ ಪೆಟ್ಟಿಗೆ ಕೂಡ ಬೇಕಾಗುತ್ತದೆ (ಈ ಬಗೆಗಳ ವಿವರ ಹಂತ 5ರಲ್ಲಿದೆ).

## ಹಂತ 1: ಡೇಟಾ ಮೊದಲು ಹೊರಗೆ

ಸಾಯುತ್ತಿರುವ ಹಾರ್ಡ್‌ಡಿಸ್ಕ್ ಮೊದಲು ತೋರಿಸುವ ಲಕ್ಷಣವೂ ನಿಧಾನವೇ. ಅಂಥ ಡಿಸ್ಕ್ ಮೇಲೆ ಡಿಫ್ರ್ಯಾಗ್, ವೈರಸ್ ಸ್ಕ್ಯಾನ್ ಅಂತ ಗಂಟೆಗಟ್ಟಲೆ ಓಡಿಸಿದರೆ ಉಳಿದಿದ್ದ ಆಯುಸ್ಸೂ ಮುಗಿಯುತ್ತದೆ. ಆದ್ದರಿಂದ ಬೇರೇನೂ ಮುಟ್ಟುವ ಮೊದಲು ಬ್ಯಾಕಪ್.

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಫೋಟೋ ಎಲ್ಲರಿಗೂ ನೆನಪಿರುತ್ತವೆ. ಬಿಟ್ಟುಹೋಗುವುದು ಬೇರೆ. ಟ್ಯಾಲಿ ಲೆಕ್ಕದ ಡೇಟಾ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್‌ನಲ್ಲಿ ಇರುವುದಿಲ್ಲ. ಟ್ಯಾಲಿ ತೆರೆದು ಡೇಟಾ ಪಾತ್ ಎಲ್ಲಿದೆ ನೋಡಿ ಆ ಫೋಲ್ಡರನ್ನೇ ಪೂರ್ತಿ ನಕಲಿಸಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಫಾಂಟುಗಳನ್ನೂ ಉಳಿಸಿಕೊಳ್ಳಿ. ಆ ಕಡತಗಳು ಯೂನಿಕೋಡ್ ಅಲ್ಲ, ಫಾಂಟ್ ಇಲ್ಲದ ಹೊಸ ವಿಂಡೋಸ್‌ನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮತ್ತು ಡಿಜಿಟಲ್ ಸಹಿಯ ಟೋಕನ್ ಸಾಫ್ಟ್‌ವೇರ್‌ ಹೆಸರು, ಇವನ್ನೂ ಬರೆದಿಟ್ಟುಕೊಳ್ಳಿ.

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆಯಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಮರೆತವರೇ ಹೆಚ್ಚು ಕಷ್ಟಕ್ಕೆ ಸಿಕ್ಕಿರುವುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಏನೋ ಬದಲಿಸಿದಿರಿ, ಅಥವಾ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಿರಿ ಅನ್ನಿ, 48 ಅಂಕೆಯ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಡೇಟಾ ಸಿಗುವುದಿಲ್ಲ, ಯಾವ ಅಂಗಡಿಯವರೂ ತೆಗೆದುಕೊಡಲಾರರು. ಆ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ, ಕೀ ನೋಡಿ ಕಾಗದದಲ್ಲಿ ಬರೆದಿಡಿ.

## ಹಂತ 2: ತಡೆ ಎಲ್ಲಿದೆ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ನೀವು ದಿನವೂ ಬಳಸುವ ಪ್ರೋಗ್ರಾಂಗಳನ್ನೆಲ್ಲ ತೆರೆದಿಟ್ಟು ಪರ್ಫಾರ್ಮೆನ್ಸ್ ಪುಟ ನೋಡಿ. ಆನ್ ಆದ ತಕ್ಷಣದ ಅಂಕಿಗಳನ್ನು ನಂಬಬೇಡಿ, ಹತ್ತು ನಿಮಿಷ ಬಿಡಿ.

ಡಿಸ್ಕ್ 100 ಪ್ರತಿಶತದಲ್ಲಿ ನಿಂತಿದ್ದು, ಅದರ ಪಕ್ಕದಲ್ಲಿ ಎಚ್‌ಡಿಡಿ (ಹಾರ್ಡ್‌ಡಿಸ್ಕ್) ಎಂದಿದ್ದರೆ ಉತ್ತರ ಸಿಕ್ಕಿತು: ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಹಾಕಬೇಕು. ತಿರುಗುವ ಹಾರ್ಡ್‌ಡಿಸ್ಕ್ ದೊಡ್ಡ ಫೈಲನ್ನು ಸೆಕೆಂಡಿಗೆ ಸುಮಾರು 100 ಎಂಬಿಯಂತೆ ಓದಬಲ್ಲದು. ಆದರೆ ವಿಂಡೋಸ್ ಕೇಳುವುದು ಡಿಸ್ಕಿನ ಮೂಲೆಮೂಲೆಯಲ್ಲಿರುವ ಸಾವಿರಾರು ಸಣ್ಣ ಫೈಲುಗಳನ್ನು. ಪ್ರತಿಯೊಂದಕ್ಕೂ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಬೇಕು. ಸಾಟಾ ಎಸ್‌ಎಸ್‌ಡಿಯ ಗರಿಷ್ಠ ವೇಗ ಸೆಕೆಂಡಿಗೆ 550 ಎಂಬಿ ಆಸುಪಾಸು, ಆದರೆ ಅನುಭವಕ್ಕೆ ಬರುವ ವ್ಯತ್ಯಾಸ ಐದು ಪಟ್ಟಿಗಿಂತ ಬಹಳ ಹೆಚ್ಚು. ಕಾರಣ ಈ ಓಡಾಟವೇ ಇಲ್ಲದಿರುವುದು.

ಮೆಮೊರಿ 85–90 ಪ್ರತಿಶತ ದಾಟಿದ್ದು ಡಿಸ್ಕೂ ಒದ್ದಾಡುತ್ತಿದ್ದರೆ, ಜಾಗ ಸಾಲದೆ ವಿಂಡೋಸ್ ಡಿಸ್ಕನ್ನೇ ರ‍್ಯಾಮ್ ಆಗಿ ಬಳಸುತ್ತಿದೆ ಎಂದರ್ಥ. 4 ಜಿಬಿ ಇರುವ ಯಂತ್ರಗಳಲ್ಲಿ ಇದು ಖಾಯಂ. ಇಂಥ ಕಡೆ ಎಸ್‌ಎಸ್‌ಡಿ, ರ‍್ಯಾಮ್ ಎರಡೂ ಬೇಕು. ಒಂದಕ್ಕೇ ದುಡ್ಡಿದ್ದರೆ ಎಸ್‌ಎಸ್‌ಡಿ ಮೊದಲು.

ಸಿಪಿಯು ವೇಗದ ಅಂಕಿಯನ್ನೂ ಗಮನಿಸಿ. ಕೆಲಸದ ಭಾರ ಇದ್ದರೂ 0.4 ಅಥವಾ 0.8 ಗಿಗಾಹರ್ಟ್ಸ್‌ನಲ್ಲೇ ಅಂಟಿಕೊಂಡಿದ್ದರೆ ಎಸ್‌ಎಸ್‌ಡಿ, ರ‍್ಯಾಮ್ ಏನು ಹಾಕಿದರೂ ಪ್ರಯೋಜನವಿಲ್ಲ. ಅದು ಬಿಸಿಯ ಅಥವಾ ಚಾರ್ಜರಿನ ತೊಂದರೆ. ಹಂತ 4ಕ್ಕೆ ಹೋಗಿ.

ಇದೇ ಪುಟದ ಮೆಮೊರಿ ಭಾಗದಲ್ಲಿ ಎಷ್ಟು ಸ್ಲಾಟ್ ಬಳಕೆಯಾಗಿದೆ, ಫಾರ್ಮ್ ಫ್ಯಾಕ್ಟರ್ ಏನು ಎಂದೂ ಇರುತ್ತದೆ. ಸೋಡಿಮ್ ಎಂದಿದ್ದರೆ ಬದಲಿಸಬಹುದಾದ ಕಡ್ಡಿ. ರೋ ಆಫ್ ಚಿಪ್ಸ್ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು.

## ಹಂತ 3: ಡಿಸ್ಕಿನ ಆರೋಗ್ಯ

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ. ಹಾರ್ಡ್‌ಡಿಸ್ಕ್ ಆದರೆ ಪಟ್ಟಿಯಲ್ಲಿ 05, ಸಿ5, ಸಿ6 ಸಾಲುಗಳನ್ನು ನೋಡಿ. ಇವು ಹಾಳಾಗಿ ಬದಲಿ ಪಡೆದ, ಓದಲು ಕಷ್ಟವಾಗುತ್ತಿರುವ ಮತ್ತು ಸರಿಪಡಿಸಲಾಗದ ಸೆಕ್ಟರ್‌ಗಳ ಲೆಕ್ಕ. ಮೂರೂ ಸೊನ್ನೆ ಇದ್ದರೆ ನಿಶ್ಚಿಂತೆ. ಸಿ5 ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಇನ್ನು ನಂಬಬೇಡಿ. ಫಾರ್ಮ್ಯಾಟ್ ಮಾಡಿದರೆ ಬ್ಯಾಡ್ ಸೆಕ್ಟರ್ ಹೋಗುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ.

ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದರೆ ಆ ಕ್ಷಣವೇ ಆಫ್ ಮಾಡಿ. ಒಳಗೆ ಬೇಕೇಬೇಕಾದ ಡೇಟಾ ಇದ್ದರೆ ಮನೆಯಲ್ಲಿ ಪ್ರಯತ್ನ ಬೇಡ, ಡೇಟಾ ರಿಕವರಿಯವರ ಕೈಗೆ ಕೊಡಿ.

## ಹಂತ 4: ಬಿಸಿ, ಬ್ಯಾಟರಿ, ಚಾರ್ಜರ್

ಬ್ಯಾಟರಿಯ ನಿಜಸ್ಥಿತಿ ತಿಳಿಯಲು ವಿಂಡೋಸ್‌ನಲ್ಲೇ ವ್ಯವಸ್ಥೆ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಮೂರು ಅಕ್ಷರ ಅಂಟಿಸಿ ಬರೆಯಿರಿ. ಒಂದು ಸ್ಪೇಸ್ ಬಿಟ್ಟು ಮುಂದಕ್ಕೆ ವಾಲಿದ ಓರೆಗೆರೆ ಹಾಕಿ, ಬ್ಯಾಟರಿ ಮತ್ತು ರಿಪೋರ್ಟ್ ಎರಡು ಪದಗಳನ್ನು ಸೇರಿಸಿ ಬರೆದು ಎಂಟರ್ ಒತ್ತಿ. ಒಂದು ವರದಿಯ ಕಡತ ಸಿದ್ಧವಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 42,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 21,000 ಇದ್ದರೆ ಬ್ಯಾಟರಿ ಅರ್ಧ ಸವೆದಿದೆ. 60 ಪ್ರತಿಶತಕ್ಕಿಂತ ಕೆಳಗಿಳಿದರೆ ಬದಲಿಸುವುದು ಲೇಸು.

ಟಚ್‌ಪ್ಯಾಡ್ ಉಬ್ಬಿ ಕ್ಲಿಕ್ ಆಗುತ್ತಿಲ್ಲ, ಸಮತಟ್ಟಾದ ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡುತ್ತದೆ, ಮುಚ್ಚಿದಾಗ ಸಂದು ಕಾಣುತ್ತದೆ: ಇದರಲ್ಲಿ ಯಾವುದೊಂದು ಕಂಡರೂ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಿರಿ. ಚಾರ್ಜ್ ಮಾಡುವುದನ್ನು ನಿಲ್ಲಿಸಿ. ಅದುಮಬೇಡಿ, ಚುಚ್ಚಬೇಡಿ, ಮನೆಯ ಕಸಕ್ಕೆ ಹಾಕಬೇಡಿ. ತೂತಾದರೆ ಬೆಂಕಿ ಹತ್ತುತ್ತದೆ. ಸರ್ವಿಸ್ ಸೆಂಟರ್ ಅಥವಾ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಒಪ್ಪಿಸಿ.

ಚಾರ್ಜರ್ ಕೊಳ್ಳುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬೇಕು. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟ್‌ನದು ಹಾಕಿದರೆ ಚಾರ್ಜ್ ನಿಧಾನವಾಗುತ್ತದೆ, ಕೆಲವೊಮ್ಮೆ ಸಿಪಿಯು ಕೂಡ ವೇಗ ತಗ್ಗಿಸಿಕೊಳ್ಳುತ್ತದೆ. ಪಿನ್ನಿನ ನಡುವೆ ಸೂಜಿಯಂಥ ಕಡ್ಡಿ ಇರುವ ಕೆಲವು ಚಾರ್ಜರುಗಳಲ್ಲಿ ಅದು ಬಾಗಿದರೆ ಅಥವಾ ಮುರಿದರೆ ಲ್ಯಾಪ್‌ಟಾಪ್ ಚಾರ್ಜರನ್ನು ಗುರುತಿಸುವುದಿಲ್ಲ. ಬ್ಯಾಟರಿ ಚಾರ್ಜ್ ಆಗದು, ಸಿಪಿಯು 0.4–0.8ರಲ್ಲೇ ತೆವಳುತ್ತದೆ. ಇಂಥದ್ದಕ್ಕೆ ಮದರ್‌ಬೋರ್ಡ್ ಹೋಗಿದೆ ಎಂದು ಹೇಳಿಸಿಕೊಂಡು ಬಂದವರಿದ್ದಾರೆ. ಬೇರೆಯವರ ಸರಿಯಾದ ಚಾರ್ಜರ್ ಹಾಕಿ ನೋಡಿದರೆ ಐದು ನಿಮಿಷದಲ್ಲಿ ಇತ್ಯರ್ಥ.

ಚಾರ್ಜರ್, ಬ್ಯಾಟರಿ ಎರಡಕ್ಕೂ ಭಾರತದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಲೇಬಲ್ ಮೇಲೆ ಆರ್ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಯಾವ ಕಂಪನಿಯದೆಂದು ನೋಡಬಹುದು. ಲೋಹದ ಮೈ ಮುಟ್ಟಿದಾಗ ಜುಮ್ ಎನ್ನುತ್ತಿದ್ದರೆ ಮೊದಲು ಮನೆಯ ಸಾಕೆಟ್‌ನ ಅರ್ತಿಂಗ್ ಪರೀಕ್ಷಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದು ಬೇಡ.

ಫ್ಯಾನ್ ಸದಾ ಕೂಗುತ್ತಿದ್ದರೆ ಒಳಗೆ ಧೂಳು ಕಟ್ಟಿದೆ. ಮುಚ್ಚಳ ಬಿಚ್ಚಿ, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡೇ ಬ್ರಷ್ ಮಾಡಿ ಅಥವಾ ಗಾಳಿ ಊದಿ. ಬಿಟ್ಟರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಫ್ಯಾನಿಗೂ ತಾಮ್ರದ ಪಟ್ಟಿಗಳಿಗೂ ನಡುವೆ ಕಂಬಳಿಯಂತೆ ಕೂತ ಧೂಳೇ ಮುಖ್ಯ ಶತ್ರು, ಹೊರಗಿನಿಂದ ಊದಿದರೆ ಅದು ಹೋಗುವುದಿಲ್ಲ.

## ಹಂತ 5: ನಿಮ್ಮ ಯಂತ್ರಕ್ಕೆ ಯಾವುದು ಕೂರುತ್ತದೆ

ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲೇ. ಅಂಗಡಿಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಸಂಖ್ಯೆಯನ್ನು ತಳದ ಲೇಬಲ್‌ನಿಂದ ಬರೆದುಕೊಂಡು, ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ ಓದಿ. ಸರಣಿಯ ಹೆಸರೊಂದೇ ಸಾಲದು. ಒಂದೇ ಹೆಸರಿನಡಿ ಹತ್ತಾರು ಮಾಡೆಲ್‌ಗಳಿರುತ್ತವೆ.

ಎಸ್‌ಎಸ್‌ಡಿಯಲ್ಲಿ ಮೂರು ಬಗೆ. ಹಳೆ ಹಾರ್ಡ್‌ಡಿಸ್ಕಿನ ಜಾಗಕ್ಕೆ ಕೂರುವ 2.5 ಇಂಚಿನ ಸಾಟಾ ಒಂದು, ಇದು 7 ಮಿಮೀ ದಪ್ಪ. ಎರಡನೆಯದು ಎಂ.2 ಕಡ್ಡಿಯ ರೂಪದ ಸಾಟಾ. ಮೂರನೆಯದು ಅದೇ ರೂಪದ ಎನ್‌ವಿಎಂಇ. ಕೊನೆಯ ಎರಡು ನೋಡಲು ಒಂದೇ ಥರ, ಆದರೆ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೆಲಸ ಮಾಡಬೇಕೆಂದಿಲ್ಲ. ಚಿನ್ನದ ಬಣ್ಣದ ಹಲ್ಲುಗಳಲ್ಲಿ ಎರಡು ಕಚ್ಚು ಇದ್ದರೆ ಬಹುತೇಕ ಸಾಟಾ, ಒಂದೇ ಇದ್ದರೆ ಬಹುತೇಕ ಎನ್‌ವಿಎಂಇ. 2016–17ರ ಹೊತ್ತಿನ ಅನೇಕ ಯಂತ್ರಗಳ ಎಂ.2 ಸ್ಲಾಟ್ ಸಾಟಾವನ್ನಷ್ಟೇ ಒಪ್ಪುತ್ತದೆ. ವೈಫೈ ಕಾರ್ಡ್ ಕೂತ ಪುಟ್ಟ ಸ್ಲಾಟನ್ನು ಎಸ್‌ಎಸ್‌ಡಿ ಜಾಗ ಎಂದು ತಿಳಿಯಬೇಡಿ.

ಉದ್ದವೂ ಮುಖ್ಯ. 2280 ಎಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. 2242, 2230 ಅದಕ್ಕಿಂತ ಗಿಡ್ಡ. ತೆಳು ಲ್ಯಾಪ್‌ಟಾಪ್‌ಗಳಲ್ಲಿ 80 ಮಿಮೀ ಕೂರದಿರಬಹುದು.

ರ‍್ಯಾಮ್‌ಗೆ ತಲೆಮಾರು ಹೊಂದಲೇಬೇಕು. ಡಿಡಿಆರ್3 ಸೋಡಿಮ್‌ಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕಚ್ಚಿನ ಜಾಗವೂ ಬೇರೆ, ಒತ್ತಾಯದಿಂದ ಕೂರಿಸಿದರೆ ಸ್ಲಾಟೇ ಮುರಿಯುತ್ತದೆ. ಡಿಡಿಆರ್3ಎಲ್ 1.35 ವೋಲ್ಟಿನದು, ಅದನ್ನೇ ಬೇಡುವ ಬೋರ್ಡಿಗೆ 1.5 ವೋಲ್ಟಿನ ಸಾದಾ ಡಿಡಿಆರ್3 ಹಾಕಿದರೆ ಯಂತ್ರ ಆನ್ ಆಗುವುದಿಲ್ಲ. ಎರಡು ಕಡ್ಡಿಗಳ ವೇಗ ಬೇರೆಯಾದರೆ ಎರಡೂ ಕಡಿಮೆಯದರ ವೇಗಕ್ಕೆ ಇಳಿಯುತ್ತವೆ, ದಿನಬಳಕೆಗೆ ಅದೇನೂ ತೊಂದರೆಯಲ್ಲ. ಒಂದೇ 16ರ ಬದಲು ಎರಡು 8 ಹಾಕಿದರೆ, ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್‌ನಿಂದ ಗ್ರಾಫಿಕ್ಸ್ ಸ್ವಲ್ಪ ಚುರುಕಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ಹೆಸರಾಂತ ಎಸ್‌ಎಸ್‌ಡಿಗಳಿಗೆ 3 ಅಥವಾ 5 ವರ್ಷದ ವಾರಂಟಿ ಇರುತ್ತದೆ. ಆ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಅಲ್ಲೇ ನಿಂತು ಪರೀಕ್ಷಿಸಿ. ಡಬ್ಬಿ ಇಲ್ಲದ ಡ್ರೈವ್ ಬೇರೆ ಲ್ಯಾಪ್‌ಟಾಪಿನಿಂದ ತೆಗೆದದ್ದಿರಬಹುದು. ಅದಕ್ಕೆ ತಯಾರಕರು ನೇರ ವಾರಂಟಿ ಕೊಡುವುದು ಅಪರೂಪ. ಮನೆಗೆ ತಂದಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಪವರ್ ಆನ್ ಅವರ್ಸ್ ನೋಡಿ. ಹೊಸದೆಂದು ಕೊಟ್ಟದ್ದು ಸಾವಿರಾರು ಗಂಟೆ ಓಡಿದ್ದರೆ ವಾಪಸ್ ಕೊಡಿ.

## ಹಂತ 6: ಬಿಚ್ಚಿ ಜೋಡಿಸುವುದು

1. ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಒತ್ತುವಾಗ ಶಿಫ್ಟ್ ಹಿಡಿದುಕೊಳ್ಳಿ, ಆಗ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ಕಳಚಿ.

2. ಬಿಳಿ ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದರ ಜಾಗದಲ್ಲೇ ಇಡಿ. ಹಿಂಭಾಗದವು ಉದ್ದ, ಮುಂಭಾಗದವು ಗಿಡ್ಡ ಇರುವುದು ಸಾಮಾನ್ಯ. ಉದ್ದದ್ದನ್ನು ಮುಂದಕ್ಕೆ ಹಾಕಿ ತಿರುಗಿಸಿದರೆ ಕೈ ಊರುವ ಜಾಗದಲ್ಲಿ ಮೇಲಕ್ಕೆ ತೂರಿ ಬರುತ್ತದೆ. ರಬ್ಬರ್ ಕಾಲಿನ ಅಡಿ, ಸ್ಟಿಕರ್ ಅಡಿಯಲ್ಲೂ ಸ್ಕ್ರೂ ಅಡಗಿರಬಹುದು. ಮುಚ್ಚಳ ಒಂದು ಕಡೆ ಏಳುತ್ತಿಲ್ಲವೆಂದರೆ ಎಳೆಯಬೇಡಿ, ಸ್ಕ್ರೂ ಎಣಿಸಿ.

3. ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ. ತಂತಿ ಹಿಡಿದು ಎಳೆಯದೆ, ಕನೆಕ್ಟರಿನ ಎರಡೂ ಬದಿ ಉಗುರಿನಿಂದ ಸ್ವಲ್ಪಸ್ವಲ್ಪವೇ ಸರಿಸಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಬರಿಗೈಯಲ್ಲಿ ಕೆಲಸ ಮಾಡುವಾಗ ಆಗಾಗ ಲೋಹದ ಭಾಗ ಮುಟ್ಟಿಕೊಳ್ಳಿ.

4. ಎಂ.2 ಎಸ್‌ಎಸ್‌ಡಿಯನ್ನಾಗಲಿ ರ‍್ಯಾಮನ್ನಾಗಲಿ ಸುಮಾರು 30 ಡಿಗ್ರಿ ಓರೆಯಾಗಿ ಒಳಗೆ ತಳ್ಳಿ, ಚಿನ್ನದ ಹಲ್ಲುಗಳು ಹೆಚ್ಚುಕಡಿಮೆ ಪೂರ್ತಿ ಮರೆಯಾದ ಮೇಲೆ ಕೆಳಕ್ಕೆ ಒತ್ತಿ. ರ‍್ಯಾಮ್ ಎರಡೂ ಬದಿಯ ಕ್ಲಿಪ್‌ಗಳಿಗೆ ಟಕ್ ಎಂದು ಸಿಗಬೇಕು. ಎಸ್‌ಎಸ್‌ಡಿಯ ತುದಿಗೆ ಸ್ಕ್ರೂ ಬೇಕು, ಹಳೆಯ ಡ್ರೈವ್ ಇಲ್ಲದ ಖಾಲಿ ಸ್ಲಾಟುಗಳಲ್ಲಿ ಅದು ಇರುವುದಿಲ್ಲ. ಮೊದಲೇ ತಂದಿಟ್ಟುಕೊಳ್ಳಿ.

5. 2.5 ಇಂಚಿನದಾದರೆ ಹಳೆ ಡಿಸ್ಕಿನ ಲೋಹದ ಚೌಕಟ್ಟನ್ನು ಹೊಸದಕ್ಕೆ ವರ್ಗಾಯಿಸಿ. ರಿಬ್ಬನ್ ಕೇಬಲ್ ಇದ್ದರೆ ಅದರ ಕಪ್ಪು ಅಥವಾ ಬಿಳಿ ಬೀಗವನ್ನು ಮೊದಲು ಮೇಲೆತ್ತಿ. ಮೇಲೆತ್ತದೆ ಎಳೆದರೆ ಕನೆಕ್ಟರ್ ಬೋರ್ಡಿನಿಂದಲೇ ಕಿತ್ತು ಬರುತ್ತದೆ, ರಿಪೇರಿ ದುಬಾರಿ.

6. ಬ್ಯಾಟರಿ ಜೋಡಿಸಿ, ಮುಚ್ಚಳ ಪೂರ್ತಿ ಬಿಗಿಸುವ ಮೊದಲು ಒಮ್ಮೆ ಆನ್ ಮಾಡಿ ಬಯಾಸ್‌ನಲ್ಲಿ ಹೊಸ ಭಾಗ ಕಾಣುತ್ತದೆಯೇ ನೋಡಿ. ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಪರದೆ ಅರೆನಿಮಿಷದಿಂದ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ.

ಡಿವಿಡಿ ಡ್ರೈವ್ ಇರುವ ಹಳೆಯ ಯಂತ್ರವಾದರೆ ಅದನ್ನು ತೆಗೆದು, ಆ ಜಾಗಕ್ಕೆ ಕೂರುವ ಕ್ಯಾಡಿ ಎಂಬ ಚೌಕಟ್ಟಿನಲ್ಲಿ ಹಳೆ ಹಾರ್ಡ್‌ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿಮೀ ದಪ್ಪಗಳಲ್ಲಿ ಬರುತ್ತದೆ, ಅಳೆದು ಕೊಳ್ಳಿ. ಎಸ್‌ಎಸ್‌ಡಿ ಮಾತ್ರ ಮುಖ್ಯ ಜಾಗದಲ್ಲೇ ಇರಲಿ.

## ಹಂತ 7: ವಿಂಡೋಸ್, ನಕಲೋ ಹೊಸದೋ

ಹಳೆಯ ವಿಂಡೋಸ್ ಕಸಕಡ್ಡಿ ತುಂಬಿದ್ದರೆ ಹೊಸದಾಗಿ ಹಾಕಿ. ಲೈಸೆನ್ಸ್ ಇರುವ ಲೆಕ್ಕದ ಸಾಫ್ಟ್‌ವೇರ್, ಮತ್ತೆ ಹಾಕಲು ಸಿಡಿ ಇಲ್ಲದ ಪ್ರೋಗ್ರಾಂಗಳಿದ್ದರೆ ನಕಲು ಮಾಡಿ.

ನಕಲಿಗೆ ಎಸ್‌ಎಸ್‌ಡಿ ಕಂಪನಿಗಳು ಕೊಡುವ ಉಚಿತ ಸಾಫ್ಟ್‌ವೇರ್ ಸಾಕು. ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರ್ ಬಳಸುವುದಾದರೆ ಹೊಸ ಡ್ರೈವ್ ಹಳೆಯದಕ್ಕಿಂತ ಚಿಕ್ಕದಿರಬಾರದು. ಮೊದಲು ಬಿಟ್‌ಲಾಕರ್ ಎನ್‌ಕ್ರಿಪ್ಷನ್ ಆಫ್ ಮಾಡಿ. ಸಿ ಡ್ರೈವ್ ಒಂದನ್ನೇ ಅಲ್ಲ, ವಿಂಡೋಸ್ ಶುರುಮಾಡಿಸುವ ಸಣ್ಣ ಇಎಫ್‌ಐ ವಿಭಾಗವೂ ಸೇರಿದಂತೆ ಇಡೀ ಡಿಸ್ಕನ್ನು ನಕಲಿಸಿ. ಅದು ಬಿಟ್ಟರೆ ಬೂಟ್ ಆಗುವುದಿಲ್ಲ. ನಕಲು ಮುಗಿದು ಮೊದಲ ಸಲ ಆನ್ ಮಾಡುವಾಗ ಹಳೆ ಡಿಸ್ಕ್ ಹೊರಗಿರಲಿ. ಎರಡೂ ಒಳಗಿದ್ದರೆ ಯಂತ್ರ ಹಳೆಯದರಿಂದಲೇ ಶುರುವಾಗಿ, ಎಸ್‌ಎಸ್‌ಡಿ ಹಾಕಿದರೂ ವೇಗ ಬರಲಿಲ್ಲ ಎಂಬ ದೂರು ಹುಟ್ಟುತ್ತದೆ.

ಹೊಸದಾಗಿ ಹಾಕಲು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಪೆನ್‌ಡ್ರೈವ್ ಸಿದ್ಧಮಾಡಿ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಕೀ ಕೇಳಿದಾಗ ಇಲ್ಲ ಎನ್ನಿ, ಅದೇ ಆವೃತ್ತಿ ಆರಿಸಿದರೆ ಇಂಟರ್‌ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ. ಇಂಟೆಲ್ 11ನೇ ತಲೆಮಾರು ಅಥವಾ ನಂತರದ ಯಂತ್ರಗಳಲ್ಲಿ ಡಿಸ್ಕ್ ಪಟ್ಟಿ ಖಾಲಿ ಕಂಡರೆ ಎಸ್‌ಎಸ್‌ಡಿ ಕೆಟ್ಟಿದೆ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ ಪೆನ್‌ಡ್ರೈವ್‌ಗೆ ಹಾಕಿ, ಲೋಡ್ ಡ್ರೈವರ್ ಒತ್ತಿ ತೋರಿಸಿ.

## ಹಂತ 8: ಆನ್ ಆಗದಿದ್ದರೆ

ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿಹಿಡಿದು ಬಿಡಿ, ಚಾರ್ಜರ್ ಹಾಕಿ ಮತ್ತೆ ಪ್ರಯತ್ನಿಸಿ. ದೀಪ ಉರಿದು ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐನಿಂದ ಟಿವಿಗೆ ಜೋಡಿಸಿ. ಟಿವಿಯಲ್ಲಿ ಚಿತ್ರ ಬಂದರೆ ಪರದೆಯ ತೊಂದರೆ. ಕತ್ತಲಲ್ಲಿ ಪರದೆಗೆ ಟಾರ್ಚ್ ಓರೆಯಾಗಿ ಹಿಡಿದಾಗ ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಬ್ಯಾಕ್‌ಲೈಟ್. ಎಲ್ಲೂ ಬರದಿದ್ದರೆ ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಿ. ದೀಪ ಮಿಣುಕುವ ಅಥವಾ ಬೀಪ್ ಆಗುವ ಸಂಖ್ಯೆ ಎಣಿಸಿಕೊಂಡು ಮ್ಯಾನ್ಯುಯಲ್ ನೋಡಿದರೆ ಯಾವ ಭಾಗ ಎಂಬ ಸುಳಿವು ಸಿಗುತ್ತದೆ.

ಕಾಫಿಯೋ ನೀರೋ ಚೆಲ್ಲಿದರೆ ಬಟನ್ ಒತ್ತಿಹಿಡಿದು ಆಫ್ ಮಾಡಿ, ಚಾರ್ಜರ್ ಕಿತ್ತು, ತೆರೆದ ಪುಸ್ತಕ ಬೋರಲಾಗಿ ಇಟ್ಟ ಹಾಗೆ ಇಡಿ. ಅಕ್ಕಿ ಡಬ್ಬಿಯಿಂದ ಏನೂ ಆಗದು. ಆನ್ ಆಗುತ್ತದಾ ಎಂದು ನೋಡುವ ಚಪಲವೇ ಬೋರ್ಡ್ ಸುಡುವುದು. ಅದೇ ದಿನ ಬಿಚ್ಚಿಸಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಸಿ.

## ಹಂತ 9: ಯಾವಾಗ ಹೊಸದು, ಯಾವುದು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೆಚ್ಚುಕಡಿಮೆ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿಯಾದರೂ ಬೇಕು. ಐ5-8250ಯು ಇದ್ದರೆ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಹಾಕಿ ಇನ್ನೂ ಕೆಲವು ವರ್ಷ ಓಡಿಸಬಹುದು. 7ನೇ ತಲೆಮಾರಿನ ಐ5-7200ಯು ಆದರೆ ದೊಡ್ಡ ಖರ್ಚು ಬೇಡ. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಬಳಸಿ, ಅಥವಾ ಹೊಸದಕ್ಕೆ ದುಡ್ಡು ಕೂಡಿಡಿ. ಮದರ್‌ಬೋರ್ಡ್ ಹೋದ ಹಳೆ ಯಂತ್ರಕ್ಕೆ ದುಡ್ಡು ಸುರಿಯಬೇಡಿ.

ಕೊಳ್ಳುವಾಗ ಐ5, ರೈಜೆನ್ 5 ಎಂಬ ಹೆಸರಿಗೆ ಮರುಳಾಗಬೇಡಿ, ಪೂರ್ತಿ ಸಂಖ್ಯೆ ಓದಿ. ರೈಜೆನ್ 7000 ಲ್ಯಾಪ್‌ಟಾಪ್ ಸರಣಿಯಲ್ಲಿ ಮೂರನೇ ಅಂಕೆ ನಿಜ ಹೇಳುತ್ತದೆ: 7520ಯು ಎಂಬುದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, 7530ಯು ಝೆನ್ 3. ಪೆಟ್ಟಿಗೆಯ ಮೇಲೆ ಎರಡೂ ರೈಜೆನ್ 5 ಎಂದೇ ಇರುತ್ತವೆ. ಸೆಲೆರಾನ್ ಎನ್4020 ಥರದ ಚಿಪ್, 64 ಜಿಬಿಯ ಇಎಂಎಂಸಿ (ಬೋರ್ಡಿಗೇ ಬೆಸುಗೆ ಹಾಕಿದ, ನಿಧಾನದ) ಸ್ಟೋರೇಜ್ ಇರುವುದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ವಿಂಡೋಸ್ ಅಪ್‌ಡೇಟಿಗೇ ಅದರಲ್ಲಿ ಜಾಗ ಸಾಲದು.

ರ‍್ಯಾಮ್ ಬೆಸುಗೆ ಹಾಕಿದ್ದಾದರೆ 16 ಜಿಬಿಯದನ್ನೇ ಕೊಳ್ಳಿ, ಖಾಲಿ ಸ್ಲಾಟ್ ಇದ್ದರೆ 8 ಕೊಂಡು ಆಮೇಲೆ ಹೆಚ್ಚಿಸಬಹುದು. ಸ್ಟೋರೇಜ್ 512 ಜಿಬಿ. ಜಾಹೀರಾತುಗಳು ಮುಚ್ಚಿಡುವುದು ಪರದೆಯನ್ನು: 250 ನಿಟ್ಸ್ (ಪರದೆಯ ಬೆಳಕಿನ ಅಳತೆ), 45 ಪ್ರತಿಶತ ಎನ್‌ಟಿಎಸ್‌ಸಿ (ಬಣ್ಣಗಳ ವ್ಯಾಪ್ತಿಯ ಅಳತೆ) ಎಂದಿದ್ದರೆ ಬಣ್ಣ ಸಪ್ಪೆ, ಕಿಟಕಿ ಪಕ್ಕ ಕೂತರೆ ಅಕ್ಷರ ಕಾಣದು. 300 ನಿಟ್ಸ್ ಮೇಲ್ಪಟ್ಟ ಐಪಿಎಸ್ ಬಗೆಯ ಪರದೆ ಇರಲಿ. ಟೈಪ್-ಸಿಯಿಂದ ಚಾರ್ಜ್ ಆಗುವಂಥದ್ದಾದರೆ ಚಾರ್ಜರ್ ಕೆಟ್ಟಾಗ ಪರದಾಡಬೇಕಿಲ್ಲ.

ಬೆಂಗಳೂರಿನಲ್ಲಿ ಕಚೇರಿಗಳು ಬಿಟ್ಟುಕೊಟ್ಟ ಬಿಸಿನೆಸ್ ಲ್ಯಾಪ್‌ಟಾಪ್‌ಗಳು ರೀಫರ್ಬಿಷ್ ಆಗಿ ಸಿಗುತ್ತವೆ, ಗಟ್ಟಿಮುಟ್ಟಾಗಿಯೂ ಇರುತ್ತವೆ. ಅಂಗಡಿಯಲ್ಲೇ ವಿಂಡೋಸ್ ರೀಸೆಟ್ ಮಾಡಿಸಿ ವೈಫೈ ಕೊಟ್ಟು ನೋಡಿ. ಯಾವುದೋ ಕಂಪನಿಯ ಹೆಸರು ಬಂದು ಅದರ ಲಾಗಿನ್ ಕೇಳಿದರೆ ಬಿಟ್ಟು ಬನ್ನಿ. ಬಯಾಸ್ ಪಾಸ್‌ವರ್ಡ್ ಇದ್ದರೂ ಹಾಗೆಯೇ. ಕೀಬೋರ್ಡಿನ ಪ್ರತಿ ಕೀ, ಪ್ರತಿ ಪೋರ್ಟ್, ಮೇಲೆ ಹೇಳಿದ ಬ್ಯಾಟರಿ ವರದಿ, ಡಿಸ್ಕಿನ ಗಂಟೆಗಳನ್ನು ದುಡ್ಡು ಕೊಡುವ ಮೊದಲೇ ನೋಡಿ.

ಹಳೆಯ ಲ್ಯಾಪ್‌ಟಾಪ್ ಮಾರುವುದಾದರೆ ಫೈಲ್ ಡಿಲೀಟ್ ಮಾಡಿದ್ದು ಸಾಲದು. ರೀಸೆಟ್ ದಿಸ್ ಪಿಸಿಯಲ್ಲಿ ಎಲ್ಲವನ್ನೂ ಅಳಿಸುವ ಆಯ್ಕೆ, ಅದರ ಸೆಟ್ಟಿಂಗ್‌ನಲ್ಲಿ ಕ್ಲೀನ್ ಡೇಟಾ ಆನ್ ಮಾಡಿ ರಾತ್ರಿಯಿಡೀ ಬಿಡಿ. ಬಳಿಕ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದಲೂ ಆ ಯಂತ್ರವನ್ನು ತೆಗೆದುಹಾಕಿ.